ಐದರೊಳಗೆ ನುಸುಳಿದ ಅಳತೆ

ಅವಳಿಗೆ ಪೊಟ್ಟಣದಮ್ಮ ಅಂತ ಹೆಸರಿಟ್ಟವನು ಬೇರೆ ಯಾರೂ ಅಲ್ಲ, ಒಡಹುಟ್ಟಿದ ಅಣ್ಣ. "ದಿನವಿಡೀ ಕಂಪ್ಯೂಟರ್ ಮುಂದೆ ಅದೇನು ಕುಟ್ತಿರ್ತೀಯೇ?" ಅಂತ ಒಮ್ಮೆ ಕೇಳಿದ್ದ.

"ಯಾರ್ಯಾರೋ ಬರೆದ ಪ್ರೋಗ್ರಾಂಗಳನ್ನ ಪರೀಕ್ಷೆ ಮಾಡಿ, ಒಪ್ಪವಾಗಿ ಕಟ್ಟಿ, ಲಿನಕ್ಸ್ ಬಳಸೋರ ಕಂಪ್ಯೂಟರಿಗೆ ಸಲೀಸಾಗಿ ಇಳಿಯೋ ಹಾಗೆ ಮಾಡ್ತೀನಿ ಅಣ್ಣ. ಪ್ಯಾಕೇಜ್ ಮಾಡೋದು ಅಂತಾರೆ," ಅಂದಿದ್ದಳು.

"ಪೊಟ್ಟಣ ಕಟ್ತೀನಿ ಅನ್ನು. ಅದಕ್ಯಾಕೆ ಇಷ್ಟು ಸುತ್ತುಬಳಸು ಮಾತು?"

ಅಲ್ಲಿಗೆ ಮುಗಿಯಿತು. ಅತ್ತಿಗೆ ಹಾಗೆ ಕರೆದಳು, ಪಕ್ಕದ ಮನೆಯವರು ಹಾಗೆ ಕರೆದರು, ಕೊನೆಗೆ ಕಟ್ಟಿಕೊಂಡ ಗಂಡನ ಫೋನಿನಲ್ಲೂ ಅವಳ ಹೆಸರು ಪೊಟ್ಟಣದಮ್ಮ ಅಂತಲೇ ಬಂತು. ಜಗಳ ಮಾಡಿ ಸುಸ್ತಾಗಿ ಅವಳೇ ಸುಮ್ಮನಾದಳು.

ಅಣ್ಣನ ಕಸುಬು ಬೂಟು ಹೊಲಿಯುವುದು. ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟ ಬೂಟು ಯಾರ ಕಾಲಿಗೆ ಹಿಡಿಸುವುದಿಲ್ಲವೋ ಅವರೇ ಅವನ ಗಿರಾಕಿಗಳು. ಒಂದು ಕಾಲು ಗಿಡ್ಡ ಇರುವವರು, ಬೆರಳು ಒಂದರ ಮೇಲೊಂದು ಹತ್ತಿಕೊಂಡವರು, ಪಾದದ ಮೇಲುಬ್ಬು ಗುಡ್ಡದ ಹಾಗೆ ಎದ್ದಿರುವವರು. ಅಂಥವರ ಪಾದದ ಅಳತೆ ತೆಗೆದು, ಅದೇ ಆಕಾರದ ಮರದ ಪಾದ ಕೆತ್ತಿ, ಅದರ ಮೇಲೆ ಚರ್ಮ ಎಳೆದು ಹೊಲಿಯಬೇಕು. ಮೊದಲೆಲ್ಲ ಕೆತ್ತುವುದೂ ಅವನ ಕೈಯಲ್ಲೇ. ಭುಜ ನೋಯಲು ಶುರುವಾದ ಮೇಲೆ ಪೊಟ್ಟಣದಮ್ಮ ಮುಂದೆ ನಿಂತು ಒಂದು ಗಾಜಿನ ಪೆಟ್ಟಿಗೆ, ಒಂದು ಕಂಪ್ಯೂಟರ್, ಒಂದು ಕೆತ್ತುವ ಯಂತ್ರ ಕೂರಿಸಿಕೊಟ್ಟಿದ್ದಳು. ಗಿರಾಕಿ ಪೆಟ್ಟಿಗೆಯೊಳಗೆ ಪಾದ ಇಟ್ಟರೆ ಅದು ಸುತ್ತಲಿಂದ ನೋಡಿಕೊಳ್ಳುತ್ತದೆ, ಕಂಪ್ಯೂಟರ್ ಅಳತೆ ಹೇಳುತ್ತದೆ, ಯಂತ್ರ ಮರ ಕೆತ್ತುತ್ತದೆ. "ಟೇಪು ಸಡಿಲ ಆಗಬಹುದು, ಇದು ಆಗಲ್ಲ. ಕಣ್ಮುಚ್ಚಿಕೊಂಡು ನಂಬು, ನಾನಿದ್ದೀನಲ್ಲ," ಅಂತ ಅವತ್ತು ಎದೆ ತಟ್ಟಿಕೊಂಡು ಹೇಳಿದ್ದಳು. ಅಣ್ಣ ಪಾಪ ನಿಜವಾಗಿಯೂ ನಂಬಿದ.

ಒಂದು ಬುಧವಾರ ಬೆಳಿಗ್ಗೆ ಅತ್ತಿಗೆಯ ಫೋನು ಬಂತು.

"ನಿಮ್ಮಣ್ಣ ಅಂಗಡಿ ಮುಚ್ತಾರಂತೆ ಕಣೇ. ಶನಿವಾರ ಆ ಚರ್ಮದ ಬ್ಯಾಗಿನ ಅಂಗಡಿಯವನು ಬರ್ತಾನೆ, ಉಳಿ, ಅರ, ಯಂತ್ರ, ಎಲ್ಲಾ ಅವನಿಗೆ ವಹಿಸಿಬಿಡ್ತಾರಂತೆ. ಕೈ ಹೋಯ್ತು, ಕೈ ಹೋಯ್ತು ಅಂತ ಒಂದೇ ಸಮ ಹಾಡು. ನನ್ನ ಮಾತಂತೂ ಕಿವಿಗೇ ಹಾಕ್ಕೊಳ್ತಿಲ್ಲ. ನೀನಾದ್ರೂ ಬಾ."

ಅಂಗಡಿ ಬಿಟ್ಟು ಅಣ್ಣ ಏನು ಮಾಡುತ್ತಾನೆ? ಭಾನುವಾರ ಒಂದು ದಿನ ಮನೆಯಲ್ಲಿ ಕೂರಿಸಿದರೆ ಬಾಗಿಲಿನ ತಿರುಪು ಬಿಚ್ಚಿ ಮತ್ತೆ ಹಾಕುವ ಮನುಷ್ಯ ಅವನು.

ಅಂಗಡಿಗೆ ಹೋದರೆ ಅಂಟು ಮತ್ತು ಹದ ಮಾಡಿದ ಚರ್ಮದ ವಾಸನೆ ಎಂದಿನಂತೆ ಬಾಗಿಲಲ್ಲೇ ಎದುರುಗೊಂಡಿತು. ಗೋಡೆಯ ತುಂಬ ಮೊಳೆಗೆ ತೂಗುಹಾಕಿದ ಮರದ ಪಾದಗಳು, ಒಂದೊಂದರ ಹಿಮ್ಮಡಿಯ ಮೇಲೂ ಪೆನ್ಸಿಲ್ಲಿನಲ್ಲಿ ಗಿರಾಕಿಯ ಕಸುಬು ಬರೆದಿದೆ. ಅಣ್ಣ ಮೇಜಿನ ಹಿಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಮೇಜಿನ ಮೇಲೆ ಮೂರು ಜೋಡಿ ಬೂಟು.

"ನೋಡು, ಮೂರೂ ವಾಪಸ್ ಬಂದಿವೆ," ಅಂದ. "ಹಾಡು ಕಲಿಸೋ ಮೇಷ್ಟ್ರದು ಒಂದು, ಬೇಕರಿಯವಳದು ಒಂದು, ಪೋಸ್ಟ್‌ಮ್ಯಾನ್‌ದು ಒಂದು. ಇಷ್ಟು ವರ್ಷದಲ್ಲಿ ಒಂದು ಜೋಡಿ ವಾಪಸ್ ಬಂದಿದ್ದು ನೋಡಿದ್ದೀಯಾ? ಈಗ ಒಂದರ ಹಿಂದೆ ಒಂದು. ಮೇಷ್ಟ್ರು ಒಳ್ಳೇವರು, ಏನೂ ಅನ್ನಲಿಲ್ಲ. ಕಾಲು ಕೆಂಪಾಗಿತ್ತು ಕಣೇ. ನಾನು ಹೊಲಿದ ಬೂಟಲ್ಲಿ."

"ಕಂಪ್ಯೂಟರ್ ಹೇಳಿದ ಅಳತೆಗೇ ತಾನೇ ಮಾಡಿದ್ದು?"

"ಅದೇ ನನ್ನ ಸಂಕಟ. ನಾನು ಅಭ್ಯಾಸಬಲ, ಟೇಪಲ್ಲೂ ಒಂದು ಸಲ ನೋಡ್ಕೋತೀನಿ. ಯಾವಾಗಲೂ ಎರಡೂ ಒಂದೇ ಬರ್ತಿತ್ತು. ಈಚೆಗೆ ಬರ್ತಿಲ್ಲ. ಟೇಪು ಜಾಸ್ತಿ ತೋರಿಸುತ್ತೆ, ಪರದೆ ಕಡಿಮೆ ತೋರಿಸುತ್ತೆ. ನನ್ನ ಬೆರಳಲ್ಲಿ ಬಿಗಿ ಇಲ್ಲ ಅಂತ ತಾನೇ ಅರ್ಥ? ಪರದೆ ಹೇಳಿದಂಗೇ ಕೆತ್ತಿಸಿದೆ. ಆದ್ರೂ ಹೀಗಾಯ್ತು ಅಂದ್ರೆ ಹೊಲಿಗೇಲೂ ಕೈ ಕೆಟ್ಟಿದೆ. ಅಳತೇನೂ ಹೋಯ್ತು, ಹೊಲಿಗೇನೂ ಹೋಯ್ತು. ಇನ್ನು ಯಾರ ಕಾಲನ್ನ ಹಾಳು ಮಾಡಲಿ?"

ಇನ್ನೊಬ್ಬ ತಂಗಿಯಾಗಿದ್ದರೆ ಅಲ್ಲೇ ಸಮಾಧಾನದ ನಾಲ್ಕು ಮಾತು ಹೇಳಿ ಕಾಫಿ ಕುಡಿಸುತ್ತಿದ್ದಳು. ಇವಳ ತಲೆಗೆ ಆಗಲೇ ಹುಳ ಹೊಕ್ಕಿತ್ತು. ಇಷ್ಟು ವರ್ಷ ಒಂದೇ ಬರುತ್ತಿದ್ದ ಎರಡು ಅಳತೆಗಳು ಈಚೆಗೆ ಮಾತ್ರ ಯಾಕೆ ಬೇರೆಯಾದವು? ಕೈ ಸಡಿಲವಾದರೆ ಎಲ್ಲಾ ಅಳತೆಯೂ ಕೆಡಬೇಕಲ್ಲ?

"ಅಣ್ಣ, ಉದ್ದ ಸರಿ ಬರುತ್ತಾ?"

"ಉದ್ದ ಸರಿ."

"ಬೆರಳ ಬುಡದ ಅಗಲ? ಹಿಮ್ಮಡಿ?"

"ಎಲ್ಲಾ ಸರಿ. ಈ ಮೇಲುಬ್ಬಿನ ಸುತ್ತಳತೆ ಒಂದೇ ಒಂದು..." ಅಣ್ಣ ಅಲ್ಲಿಗೇ ನಿಂತ. ತಾನೇ ಹೇಳಿದ್ದು ತನಗೇ ವಿಚಿತ್ರ ಅನ್ನಿಸಿತು.

"ಹಾಗಾದ್ರೆ ನಿನ್ನ ಬೆರಳಿಗೆ ಮೇಲುಬ್ಬಿನ ಹತ್ರ ಮಾತ್ರ ವಯಸ್ಸಾಗಿದೆ ಅನ್ನು," ಅಂದಳು ಪೊಟ್ಟಣದಮ್ಮ, ಚಪ್ಪಲಿ ಬಿಚ್ಚುತ್ತ.

ತನ್ನ ಪಾದವನ್ನೇ ಪೆಟ್ಟಿಗೆಗೆ ಇಟ್ಟಳು. ಅಣ್ಣ ಟೇಪು ಹಿಡಿದ. ಅವಳ ಪಾದ ಚಪ್ಪಟೆ, ವ್ಯತ್ಯಾಸ ಎಳ್ಳಷ್ಟು. ಅಷ್ಟರಲ್ಲಿ ಅತ್ತಿಗೆ ಕಾಫಿ ತಂದಳು. ಅತ್ತಿಗೆಯ ಪಾದ ಎತ್ತರದ್ದು, ಅಂಗಡಿಯ ಬೂಟು ಅವಳಿಗೂ ಹಿಡಿಸುವುದಿಲ್ಲ. ಅವಳನ್ನೇ ಹಿಡಿದು ಕುರ್ಚಿಯಲ್ಲಿ ಕೂರಿಸಿದರು.

"ಅಯ್ಯೋ, ನನ್ನ ಕಾಲ್ಯಾಕೆ ಹಿಡೀತೀರಿ ಇಬ್ಬರೂ? ಏನು ತಪ್ಪು ಮಾಡಿದ್ದೀರಿ?" ಅಂತ ಅತ್ತಿಗೆ ನಕ್ಕಳು.

ಟೇಪಿಗೂ ಪರದೆಗೂ ಹೆಬ್ಬೆರಳಿನ ಅಗಲದಷ್ಟು ಅಂತರ ಬಂತು. ಪೊಟ್ಟಣದಮ್ಮನೇ ಟೇಪು ಕಿತ್ತುಕೊಂಡು ತಾನು ಅಳೆದಳು. ಅವಳಿಗೂ ಅಷ್ಟೇ ಬಂತು. ಅತ್ತಿಗೆ ಕೈಗೆ ಟೇಪು ಕೊಟ್ಟು ಅವಳ ಕಾಲನ್ನು ಅವಳಿಂದಲೇ ಅಳೆಸಿದಳು. ಅದೇ.

"ಮೂರು ಜನರ ಕೈಯೂ ಒಟ್ಟಿಗೇ ಹೋಗಲ್ಲ ಅಣ್ಣ," ಅಂದಳು. "ಶನಿವಾರದ ತನಕ ಟೈಮ್ ಕೊಡು. ಅಲ್ಲೀವರೆಗೂ ಯಾರಿಗೂ ಏನೂ ಕೊಡಬೇಡ."

ಅಣ್ಣ ಮೂರೂ ಜೋಡಿಗಳನ್ನು ಮೇಜಿನ ಮೂಲೆಗೆ ಸರಿಸಿಟ್ಟ.

ಈಗ ಈ ಕಂಪ್ಯೂಟರಿನ ಸಂಗತಿ ಸ್ವಲ್ಪ ಹೇಳಲೇಬೇಕು, ಹೆದರಬೇಡಿ, ಸುಲಭದ್ದೇ. ಪಾದ ನೋಡಿ ಅಳತೆ ಲೆಕ್ಕ ಹಾಕುವುದು ಕೆತ್ತನೆಯ ಪ್ರೋಗ್ರಾಂ ಅಲ್ಲ. ಆ ಕೆಲಸಕ್ಕೆ ಅಂತ ಬೇರೆ ಒಂದು ತುಂಡು ಇದೆ, ಅದಕ್ಕೆ ಲೈಬ್ರರಿ ಅನ್ನುತ್ತಾರೆ. ಪಾದದ ಅಳತೆ ಬೇಕಾದ ಪ್ರೋಗ್ರಾಂಗಳು ಎಷ್ಟೋ ಇರುತ್ತವೆ. ಪ್ರತಿಯೊಂದೂ ತನ್ನದೇ ಲೆಕ್ಕ ಬರೆದುಕೊಳ್ಳುವ ಬದಲು ಎಲ್ಲವೂ ಆ ಒಂದೇ ಲೈಬ್ರರಿಯನ್ನು ಹಂಚಿಕೊಂಡು ಬಳಸುತ್ತವೆ. ಹಂಚಿಕೊಂಡ ಮೇಲೆ ಒಂದು ಕಟ್ಟುಪಾಡು ಬೇಕಲ್ಲ, ಅದಕ್ಕೆ ಲೈಬ್ರರಿಯ ಹೆಸರಿನ ಬಾಲದಲ್ಲಿ ಒಂದು ನಂಬರ್ ಇರುತ್ತದೆ. ಈ ಲೈಬ್ರರಿಯದು ಐದು. ಐದು ಅಂತ ಇರುವವರೆಗೂ ಒಳಗಿನ ವಸ್ತುಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ ಅನ್ನುವುದು ಅದನ್ನು ಬರೆದವನು ಕೊಟ್ಟ ಮಾತು. ಒಳಗೆ ಏನಾದರೂ ಜರುಗಿದರೆ ನಂಬರ್ ಆರಾಗಬೇಕು. ಆಗ ಐದಕ್ಕೆ ಹೊಂದಿಕೊಂಡಿದ್ದ ಪ್ರೋಗ್ರಾಂಗಳು ಆರನ್ನು ಮುಟ್ಟುವುದೇ ಇಲ್ಲ. ಅವನ್ನೆಲ್ಲ ಆರಕ್ಕೆ ಹೊಂದುವಂತೆ ಹೊಸದಾಗಿ ಕಟ್ಟಿಕೊಡುವುದು ಪೊಟ್ಟಣದಮ್ಮನಂಥವರ ಕೆಲಸ.

ಈ ಲೈಬ್ರರಿಯ ಪೊಟ್ಟಣ ಕಟ್ಟುವವಳು ಅವಳೇ. ಕೆಲವು ತಿಂಗಳ ಹಿಂದೆ ಹೊಸ ಆವೃತ್ತಿ ಬಂದಾಗ ನಂಬರ್ ಐದೇ ಇತ್ತು. ಆದರೂ ಅವಳು ಪರೀಕ್ಷೆ ಮಾಡದೆ ಬಿಟ್ಟಿರಲಿಲ್ಲ. ಹಳೆಯ ಐದರಲ್ಲಿದ್ದ ಹೆಸರುಗಳೆಲ್ಲ ಹೊಸ ಐದರಲ್ಲೂ ಇವೆಯಾ ಅಂತ ಹೋಲಿಸಿ ನೋಡುವ ಒಂದು ಉಪಾಯವಿದೆ, ಅದನ್ನು ಮಾಡಿದ್ದಳು. ಒಂದು ಹೆಸರೂ ಕಮ್ಮಿ ಇರಲಿಲ್ಲ. ಖುಷಿಯಾಗಿ ಪೊಟ್ಟಣ ಕಟ್ಟಿ ಕಳಿಸಿ, ಅಣ್ಣನ ಅಂಗಡಿಗೆ ಬಂದು ತಾನೇ ಕೂತು ಅಪ್‌ಡೇಟ್ ಮಾಡಿ, ಊಟ ಮಾಡಿಕೊಂಡು ಹೋಗಿದ್ದಳು.

ಮನೆಗೆ ಬಂದವಳು ಹಳೆಯ ಐದನ್ನೂ ಹೊಸ ಐದನ್ನೂ ಅಕ್ಕಪಕ್ಕ ತೆರೆದು ಕೂತಳು. ಗಂಡ ಬಂದು ಬಗ್ಗಿ ನೋಡಿ, ಮುಖದ ಮೇಲಿನ ಕಳೆ ಕಂಡು, ತಾನೇ ಅಡುಗೆಮನೆಗೆ ನಡೆದ. ಮದುವೆಯಾಗಿ ಅಷ್ಟಾದರೂ ಕಲಿತಿದ್ದ.

ಕೊನೆಗೆ ತೊಡಕು ಸಿಕ್ಕಿತು. ಲೈಬ್ರರಿ ಪ್ರೋಗ್ರಾಮಿಗೆ ಅಳತೆಗಳನ್ನು ಒಂದು ಸಾಲಿನಲ್ಲಿ ಜೋಡಿಸಿ ಕೊಡುತ್ತಿತ್ತು: ಉದ್ದ, ಅಗಲ, ಹಿಮ್ಮಡಿ, ಹೀಗೆ. ಸಾಲಿನ ಕೊನೆಯಲ್ಲಿ ಮೇಲುಬ್ಬು. ಹೊಸ ಐದರಲ್ಲಿ ಪಾದದ ನಡುವಿನ ಸುತ್ತಳತೆ ಅನ್ನುವ ಹೊಸ ಅಳತೆಯೊಂದು ಸೇರಿತ್ತು. ಸೇರಲಿ, ತಪ್ಪೇನಿಲ್ಲ. ಆದರೆ ಅದನ್ನು ಬಾಲಕ್ಕೆ ಸೇರಿಸುವ ಬದಲು ಬರೆದವನು ಮೇಲುಬ್ಬಿನ ಮುಂದೆ ತೂರಿಸಿದ್ದ! ಮೇಲುಬ್ಬು ಒಂದು ಜಾಗ ಹಿಂದೆ ಜರುಗಿತ್ತು. ಕೆತ್ತನೆಯ ಪ್ರೋಗ್ರಾಮಿಗೆ ಪಾಪ ಇದ್ಯಾವುದೂ ಗೊತ್ತಿಲ್ಲ. ಹಳೆಯ ಜಾಗಕ್ಕೇ ಕೈ ಹಾಕಿ, ಸಿಕ್ಕಿದ ನಡುವಿನ ಅಳತೆಯನ್ನೇ ಮೇಲುಬ್ಬು ಅಂತ ತಿಳಿದು, ಪರದೆಗೆ ತೋರಿಸಿ, ಮರಕ್ಕೂ ಕೆತ್ತಿತ್ತು. ಚಪ್ಪಟೆ ಪಾದದವರಿಗೆ ಎರಡೂ ಹೆಚ್ಚುಕಮ್ಮಿ ಒಂದೇ, ಅದಕ್ಕೇ ಯಾರೂ ದೂರಲಿಲ್ಲ. ಎತ್ತರದ ಪಾದದವರಿಗೆ ಬಿಗಿಯಾಯಿತು.

ಹೆಸರು ಹೋಲಿಸುವ ಉಪಾಯಕ್ಕೆ ಇದು ಕಾಣುವುದಿಲ್ಲ. ಅದು ಬಾಗಿಲ ಮೇಲಿನ ಹೆಸರು ಓದುತ್ತದೆ ಅಷ್ಟೆ, ಮನೆಯೊಳಗೆ ಮಂಚವನ್ನು ಎಲ್ಲಿಗೆ ಎಳೆದಿಟ್ಟಿದ್ದಾರೆ ಅಂತ ಇಣುಕಿ ನೋಡುವುದಿಲ್ಲ.

"ಸಿಕ್ತು!" ಅಂತ ಕೂಗಿದಳು. ಅಡುಗೆಮನೆಯಿಂದ ಗಂಡ, "ಉಪ್ಪಾ? ನಾನಿನ್ನೂ ಹುಡುಕ್ತಿದ್ದೀನಿ," ಅಂದ.

ಲೈಬ್ರರಿ ಬರೆದವನು ದೂರದ ದೇಶದವನು, ಮುಳ್ಳುಹಂದಿ ಅನ್ನುವ ಅಡ್ಡಹೆಸರಲ್ಲೇ ಎಲ್ಲರಿಗೂ ಪರಿಚಿತ. ಅವನಿಗೆ ಖಾರವಾಗಿಯೇ ಒಂದು ಸಂದೇಶ ಬರೆದಳು. ಒಳಗೆ ಜಾಗ ಬದಲಾಯಿಸಿ ನಂಬರ್ ಬದಲಾಯಿಸದೆ ಬಿಡುವುದು ಯಾವ ಸೀಮೆಯ ನ್ಯಾಯ ಅಂತ ಕೇಳಿದಳು. ಮರುದಿನ ಉತ್ತರ ಬಂತು.

"ಹೋದ ಸಲ ನಾನು ನಾಲ್ಕನ್ನು ಐದು ಮಾಡಿದಾಗ ನೀವು ಪ್ಯಾಕೇಜಿನವರೆಲ್ಲ ಸೇರಿಕೊಂಡು ನನ್ನ ಜನ್ಮ ಜಾಲಾಡಿದಿರಿ. ಎಲ್ಲವನ್ನೂ ಮತ್ತೆ ಕಟ್ಟಬೇಕು, ನಿಮಗೆ ಆಟ ನಮಗೆ ಪ್ರಾಣಸಂಕಟ ಅಂದಿರಿ. ಒಂದು ಸಣ್ಣ ಅಳತೆಗೆ ಮತ್ತೆ ನಿಮಗೆ ತೊಂದರೆ ಯಾಕೆ ಅಂತ ಈ ಸಲ ನಂಬರ್ ಮುಟ್ಟಲಿಲ್ಲ. ಈಗ ಮುಟ್ಟದ್ದಕ್ಕೂ ಬೈಗುಳವಾ?"

ಪೊಟ್ಟಣದಮ್ಮ ಹಳೆಯ ಸಂದೇಶಗಳನ್ನು ತೆಗೆದು ನೋಡಿದಳು. ಪ್ರಾಣಸಂಕಟ ಅಂದವರು ಯಾರು ಅಂತ ನೋಡಿದರೆ, ಇನ್ಯಾರು, ಅವಳೇ. ಕಿವಿ ಬಿಸಿಯಾಯಿತು. ಒಬ್ಬ ಮನುಷ್ಯ ಅವಳಿಗೆ ಉಪಕಾರ ಮಾಡಲು ಹೋಗಿ ಅವಳ ಅಣ್ಣನ ಕೈ ಕಟ್ಟಿಹಾಕಿದ್ದ.

ಈಗೇನು ಮಾಡುವುದು? ಬರೀ ಅಣ್ಣನ ಕಂಪ್ಯೂಟರನ್ನು ಸರಿಮಾಡುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಅದೇ ಪೊಟ್ಟಣ ಇನ್ನೆಷ್ಟು ಅಂಗಡಿಗಳಿಗೆ ಹೋಗಿದೆಯೋ, ಎಷ್ಟು ಜನ ಪರದೆ ನೋಡಿಕೊಂಡು ತಮ್ಮ ಕೈಯನ್ನೇ ಶಪಿಸುತ್ತಿದ್ದಾರೋ. ಹಾಗಂತ ತಾನೇ ಆರು ಅಂತ ಮುದ್ರೆ ಒತ್ತಿ ಕಳಿಸುವಂತಿಲ್ಲ. ಆರು ಅನ್ನುವ ನಂಬರ್ ಲೈಬ್ರರಿ ಬರೆದವನ ಸೊತ್ತು. ಇವಳು ಒಂದು ಆರು ಮಾಡಿ, ನಾಳೆ ಮುಳ್ಳುಹಂದಿ ತನ್ನದೇ ಇನ್ನೊಂದು ಆರು ಮಾಡಿದರೆ, ಒಂದೇ ನಂಬರಿನ ಎರಡು ಲೈಬ್ರರಿ ಎದುರುಬದುರಾಗಿ ಈಗಿನ ಕಿತಾಪತಿಯೇ ಮತ್ತೆ. ಪೊಟ್ಟಣ ಕಟ್ಟುವವರ ಲೋಕದಲ್ಲಿ ಅದನ್ನು ಯಾರೂ ಮಾಡುವುದಿಲ್ಲ. ಅವನೇ ಬದಲಾಯಿಸಬೇಕು, ಅವನೋ ಮುನಿಸಿಕೊಂಡು ಕೂತಿದ್ದಾನೆ.

ಖಾರವನ್ನೆಲ್ಲ ನುಂಗಿಕೊಂಡು ಮತ್ತೊಂದು ಸಂದೇಶ ಬರೆದಳು. ಹೋದ ಸಲ ಕೂಗಾಡಿದ್ದು ತನ್ನ ತಪ್ಪು ಅಂದಳು. ಅಣ್ಣನ ಗೋಡೆಯ ಮರದ ಪಾದಗಳ ಫೋಟೋ ಹಾಕಿದಳು. ಹಾಡು ಕಲಿಸುವ ಮೇಷ್ಟ್ರ ಕೆಂಪಾದ ಕಾಲಿನ ಸಂಗತಿ, ಶನಿವಾರ ಅಂಗಡಿ ಕೈಬಿಟ್ಟು ಹೋಗುವ ಸಂಗತಿ, ಎಲ್ಲಾ ಹೇಳಿದಳು.

ಉತ್ತರ ಬರಲು ಹೆಚ್ಚು ಹೊತ್ತಾಗಲಿಲ್ಲ. "ನಾನಿದನ್ನು ಒಂದು ಆಟಕ್ಕೆ ಅಂತ ಬರೆದಿದ್ದೆ. ಆಟದ ಗೊಂಬೆಗಳ ಪಾದ ಚೆನ್ನಾಗಿ ಕಾಣಲಿ ಅಂತ. ಇದರಿಂದ ನಿಜವಾದ ಮನುಷ್ಯರು ನಡೀತಾರಾ?" ಅಂತಷ್ಟೇ ಬರೆದಿದ್ದ. ಆಮೇಲೆ ಕೇಳಿದ, "ಫೋಟೋದಲ್ಲಿ ಆ ಮೇಲುಬ್ಬು ಗುಡ್ಡದ ಹಾಗೆ ಎದ್ದಿರೋ ಪಾದ ಯಾರದು?" ಅವಳು ಹೇಳಿದಳು. ಅವನು ಮತ್ತೊಂದು ಕೇಳಿದ. ಒಂದೊಂದು ಪಾದದ ಕಥೆಯೂ ಅವನಿಗೆ ಬೇಕು. ಅವಳಿಗೋ ಅಂಥ ಶ್ರೋತೃ ಇದುವರೆಗೆ ಸಿಕ್ಕಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಆರನೇ ನಂಬರ್ ಹೊರಬಿತ್ತು, ಜೊತೆಗೆ ಐದನ್ನು ಯಾಕೆ ಬಳಸಬಾರದು ಅಂತ ಎಲ್ಲರಿಗೂ ಎಚ್ಚರಿಕೆ. ಪೊಟ್ಟಣದಮ್ಮ ದಿನವಿಡೀ ಕೂತು ಲೈಬ್ರರಿಯನ್ನೂ ಅದನ್ನು ನೆಚ್ಚಿದ ಪ್ರೋಗ್ರಾಂಗಳನ್ನೂ ಮತ್ತೆ ಕಟ್ಟಿದಳು. ಈ ಸಲ ಒಮ್ಮೆಯೂ ಪ್ರಾಣಸಂಕಟ ಅನ್ನಲಿಲ್ಲ.

ಶನಿವಾರ ಬ್ಯಾಗಿನ ಅಂಗಡಿಯವನು ಬರುವುದಕ್ಕೆ ಮುಂಚೆಯೇ ಅವಳು ಅಣ್ಣನ ಅಂಗಡಿಯಲ್ಲಿದ್ದಳು. ಉಳಿಗಳನ್ನೆಲ್ಲ ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟಾಗಿತ್ತು. ಅವಳು ನೇರವಾಗಿ ಕಂಪ್ಯೂಟರಿಗೆ ಆರನ್ನು ಇಳಿಸಿ, ಅತ್ತಿಗೆಯನ್ನು ಕುರ್ಚಿಯಲ್ಲಿ ಕೂರಿಸಿದಳು.

"ಅಳೆ ಅಣ್ಣ."

ಅಣ್ಣ ಟೇಪು ಸುತ್ತಿ ಅಳತೆ ಹೇಳಿದ. ಪರದೆಯೂ ಅದನ್ನೇ ಹೇಳಿತು. ಅವನು ಟೇಪು ಬಿಚ್ಚಿ ಮತ್ತೊಮ್ಮೆ ಸುತ್ತಿದ. ಅದೇ ಬಂತು.

ಪೊಟ್ಟಣದಮ್ಮ ನಡೆದದ್ದನ್ನು ಅವನಿಗೆ ತಿಳಿಯುವಂತೆ ಹೇಳಿದಳು. "ಅಡುಗೆಮನೆಯಲ್ಲಿ ಅತ್ತಿಗೆ ಡಬ್ಬಿ ಸಾಲಾಗಿ ಇಟ್ಟಿರ್ತಾರೆ. ಕೊನೇದು ಸಕ್ಕರೆ. ಕರೆಂಟ್ ಹೋದ್ರೂ ಕತ್ತಲಲ್ಲೇ ಕೈ ಹಾಕ್ತಾರೆ. ಯಾರೋ ಬಂದು ಅದನ್ನ ಅತ್ತ ಸರಿಸಿ, ಆ ಜಾಗಕ್ಕೆ ಒಂದು ಉಪ್ಪಿನ ಡಬ್ಬಿ ತೂರಿಸಿ, ಹೇಳದೆ ಹೋದ್ರೆ?"

"ಕಾಫಿ ಕುಡಿದೋರ ಮುಖ ನೋಡಬೇಕು," ಅಂದಳು ಅತ್ತಿಗೆ.

ಅಣ್ಣ ನಗಲಿಲ್ಲ. ಮೇಜಿನ ಮೇಲಿನ ಮೂರು ಜೋಡಿಗಳನ್ನು ನೋಡುತ್ತ, "ಹಾಗಾದ್ರೆ ಮೂರೂ ಇದರಿಂದಲೇನಾ?" ಅಂತ ಕೇಳಿದ. ದನಿ ಸಣ್ಣದಾಗಿತ್ತು.

ಹೌದು ಅನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಪೋಸ್ಟ್‌ಮ್ಯಾನ್ ಬೂಟನ್ನು ಕೈಗೆ ತೆಗೆದುಕೊಂಡಳು. ಒಳಗಿದ್ದ ಚೀಟಿಯಲ್ಲಿ ಅಣ್ಣ ಬರೆದಿಟ್ಟಿದ್ದ ದೂರು ಮೇಲುಬ್ಬಿನದಲ್ಲ, ಹಿಮ್ಮಡಿ ಸಡಿಲ ಅಂತ. ಅದೂ ಅಲ್ಲದೆ, ತಾನು ಹೊಸ ಐದನ್ನು ಹಾಕಲು ಬಂದ ದಿನ ಈ ಬೂಟು ಆಗಲೇ ಹೊಳಪು ಹಾಕಿ ಕಾಗದದಲ್ಲಿ ಸುತ್ತಿ ಬಾಗಿಲ ಪಕ್ಕ ಇತ್ತು. ಅದನ್ನು ಅತ್ತ ಸರಿಸಿಯೇ ಅವಳು ಕುರ್ಚಿ ಎಳೆದುಕೊಂಡಿದ್ದಳು. ಲೈಬ್ರರಿಗೂ ಈ ಜೋಡಿಗೂ ಸಂಬಂಧವೇ ಇಲ್ಲ.

ಅಣ್ಣನ ಬೆನ್ನ ಹಿಂದಿನಿಂದ ಅತ್ತಿಗೆ ಕಣ್ಣಲ್ಲೇ ಬೇಡಿಕೊಂಡಳು. ಹೂಂ ಅನ್ನೇ, ಒಂದು ಹೂಂ ಅಂದುಬಿಡು, ಮುಗಿದುಹೋಗಲಿ. ಪೊಟ್ಟಣದಮ್ಮನಿಗೂ ಅದೇ ಅನ್ನಿಸಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಅಣ್ಣ ಉಳಿಯುತ್ತಿದ್ದ, ಅಂಗಡಿ ಉಳಿಯುತ್ತಿತ್ತು, ಯಾರಿಗೆ ತಾನೇ ಗೊತ್ತಾಗುತ್ತಿತ್ತು? ಆದರೆ ಯಾರಿಗೂ ತೊಂದರೆಯಾಗದಿರಲಿ ಅಂತ ಒಳಗಿನದನ್ನು ಮುಚ್ಚಿಟ್ಟರೆ ಏನಾಗುತ್ತದೆ ಅಂತ ಈ ವಾರವೆಲ್ಲ ನೋಡಿ ಅವಳಿಗೆ ಸಾಕಾಗಿತ್ತು.

"ಇಲ್ಲ ಅಣ್ಣ," ಅಂದಳು. "ಮೇಷ್ಟ್ರದು, ಬೇಕರಿಯವಳದು ಕಂಪ್ಯೂಟರಿಂದ ಆಗಿದ್ದು. ಪೋಸ್ಟ್‌ಮ್ಯಾನ್‌ದು ಅಲ್ಲ. ಅದು ಕಂಪ್ಯೂಟರ್ ಕೆಡೋಕೆ ಮುಂಚೇನೇ ಹೊಲಿದಿದ್ದು. ಅದು ನಿನ್ನದೇ."

ಅತ್ತಿಗೆ ಹಣೆ ಚಚ್ಚಿಕೊಂಡಳು. ಅಣ್ಣ ಆ ಬೂಟನ್ನು ತಂಗಿಯ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. ಅವಳ ಕಣ್ಣು ತುಂಬಿ ಬಂತು, ಯಾಕಾದರೂ ಹೇಳಿದೆನೋ ಅನ್ನಿಸಿತು.

"ಉಣ್ಣೆ ಕಾಲುಚೀಲ," ಅಂದ ಅಣ್ಣ ಕೊನೆಗೆ. "ಅವತ್ತು ಅವನು ದಪ್ಪ ಉಣ್ಣೆ ಕಾಲುಚೀಲ ಹಾಕ್ಕೊಂಡು ಬಂದಿದ್ದ. ಇಬ್ಬರೂ ಊರ ಕಥೆಯೆಲ್ಲ ಮಾತಾಡ್ತಾ ಕೂತ್ವಿ. ಬಿಚ್ಚಿಸೋದೇ ಮರೆತು, ಅದರ ಮೇಲೇ ಅಳತೆ ತೊಗೊಂಡೆ. ವಾಪಸ್ ಬಂದ ದಿನಾನೇ ನೆನಪಾಯ್ತು. ಅದು ನನ್ನದು ಅಂತ ನನಗೆ ಮೊದಲಿಂದಲೂ ಗೊತ್ತು ಕಣೇ."

"ಗೊತ್ತಿದ್ದೂ ಕೇಳಿದ್ಯಾ?"

"ಹೂಂ. ನೀನು ಮೂರೂ ಕಂಪ್ಯೂಟರಿಂದಲೇ ಅಂದಿದ್ರೆ, ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ ಅಂತ ಗೊತ್ತಾಗಿಬಿಡ್ತಿತ್ತು. ಆಮೇಲೆ ಆ ಪರದೆಯಲ್ಲಿ ನೀನು ಏನೇ ತೋರಿಸಿದ್ರೂ ನಾನು ನಂಬ್ತಿರಲಿಲ್ಲ. ಆ ಮನುಷ್ಯನಿಗೆ ಬೀಗದ ಕೈ ಕೊಟ್ಟು ಮನೆಗೆ ಹೋಗ್ತಿದ್ದೆ."

ಪೊಟ್ಟಣದಮ್ಮನ ಕಣ್ಣೀರು ಕೆನ್ನೆಗೇ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಅಣ್ಣನೂ ನೋಡದವನಂತೆ ಬಟ್ಟೆಯ ಗಂಟು ಬಿಚ್ಚಿ ಉಳಿಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದ.

"ರೀ, ಬ್ಯಾಗಿನವನು ಬರ್ತಿದ್ದಾನೆ," ಅಂದಳು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ. "ಏನು ಹೇಳಲಿ?"

"ಕಾಫಿ ಕೊಡು, ಪಾಪ, ಅಷ್ಟು ದೂರದಿಂದ ಬಂದಿದ್ದಾನೆ," ಅಂದ ಅಣ್ಣ. "ಮಾರೋಕೆ ಏನೂ ಇಲ್ಲ ಅನ್ನು. ಆಮೇಲೆ ಮೇಷ್ಟ್ರಿಗೆ ಫೋನ್ ಮಾಡು, ಸಾಯಂಕಾಲ ಅಳತೆಗೆ ಬರಲಿ."